ಮಗ್ಗದವರ ಹೆಸರು ಸೀರೆಯ ಮೇಲಿರಲಿ



ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಕೈಕೆಲಸವನ್ನೇ ನಂಬಿ ಬದುಕುವವರ ವಿಷಯವನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಕೊಳ್ಳೇಗಾಲದಲ್ಲಿ ವಾಸದ ಮನೆಯೊಳಗೇ ಮಗ್ಗ ಹೂಡಿಕೊಂಡಿರುವ ರೇಷ್ಮೆ ನೇಕಾರರಿದ್ದಾರೆ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಸುತ್ತ ಲಂಟಾನದ ಕಡ್ಡಿಯನ್ನು ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುವ, ಕಾಡಿನ ಬುಡಕಟ್ಟಿನವರಾದ ಸೋಲಿಗರಿದ್ದಾರೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಅಂದರೆ ಸೋಲಿಗರ ಊರುಗಳಲ್ಲಿ, ಜೇನು ಇಳಿಸುವವರು, ಮನೆಯ ಹಿಂದಿನ ಮರದ ನೆರಳಲ್ಲಿ ಕಾಫಿ ಬೆಳೆಯುವವರು ಇದ್ದಾರೆ. ಇವರ ಬಂಡವಾಳ ಸಣ್ಣದು, ಎದುರಿಗಿರುವವರು ಬಹಳ ದೊಡ್ಡವರು. ವಿದ್ಯುತ್ ಮಗ್ಗದ ಕಾರ್ಖಾನೆಗಳು, ನಗರಗಳ ನಾಲ್ಕಂತಸ್ತಿನ ಸೀರೆ ಮಳಿಗೆಗಳು, ಪ್ಲಾಸ್ಟಿಕ್ ಕುರ್ಚಿಯ ಕಂಪನಿಗಳು, ಟಿವಿಯಲ್ಲಿ ಜಾಹೀರಾತು ಕೊಡುವ ಜೇನಿನ ಬ್ರ್ಯಾಂಡುಗಳು. ಇಂಥ ದೊಡ್ಡವರ ನಡುವೆ ನಮ್ಮ ಸಣ್ಣವರು ಗಿರಾಕಿಯ ಕಣ್ಣಿಗೆ ಬೀಳುವುದು ಹೇಗೆ, ಅನ್ನ ಹುಟ್ಟುವಷ್ಟು ಬೆಲೆ ಪಡೆಯುವುದು ಹೇಗೆ ಎಂಬುದೇ ನನ್ನ ಮಾತಿನ ವಿಷಯ.

ಮೊದಲು ಕೊಳ್ಳೇಗಾಲ. 1956ರ ನವೆಂಬರ್ 1ರವರೆಗೆ ಈ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇವತ್ತಿನ ಹನೂರು ತಾಲ್ಲೂಕೂ ಆಗ ಕೊಳ್ಳೇಗಾಲದ ಭಾಗವೇ. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು, ದಿವಾನ್ ಪೂರ್ಣಯ್ಯನವರ ಜಹಗೀರು. ಮದ್ರಾಸ್ ಪ್ರಾಂತ್ಯದ ಹಿಪ್ಪುನೇರಳೆ ತೋಟಗಳಲ್ಲಿ ಬಹುಪಾಲು ಇದ್ದದ್ದು ಕೊಳ್ಳೇಗಾಲದ ಸೀಮೆಯಲ್ಲೇ. ಹುಳು ಮೇಯಿಸುವವರು, ಗೂಡು ಬೇಯಿಸಿ ನೂಲು ಬಿಚ್ಚುವವರು, ಹುರಿ ಮಾಡುವವರು, ಬಣ್ಣ ಕಟ್ಟುವವರು, ನೇಯುವವರು ಎಲ್ಲರೂ ಹತ್ತಿಪ್ಪತ್ತು ಮೈಲಿಯ ಸುತ್ತಳತೆಯೊಳಗೆ ಸಿಗುತ್ತಿದ್ದ ನಾಡು ಇದು. ಯಳಂದೂರು ತಾಲ್ಲೂಕಿನ ಮಾಂಬಳ್ಳಿಯ ಕಡೆ ನೂಲು ಬಿಚ್ಚುವ ಕೆಲಸ, ಕೊಳ್ಳೇಗಾಲದಲ್ಲಿ ನೇಯ್ಗೆ. ಎಲೆಯಿಂದ ಸೀರೆಯವರೆಗಿನ ಅಷ್ಟೂ ಕಸುಬು ಒಂದೇ ಕಡೆ ಇರುವುದು ಸಣ್ಣ ಸಂಗತಿಯಲ್ಲ. ದೇಶದ ಎಷ್ಟೋ ಹೆಸರಾಂತ ಸೀರೆಯ ಊರುಗಳಿಗೆ ನೂಲು ಹೊರಗಿನಿಂದ ಬರಬೇಕು.

ಹೀಗಿದ್ದೂ ಕೊಳ್ಳೇಗಾಲದ ಸೀರೆ ಎಂದು ಕೇಳಿ ಕೊಳ್ಳುವವರು ಎಷ್ಟು ಮಂದಿ? ಕಂಚಿ ಎನ್ನುತ್ತಾರೆ, ಇಳಕಲ್ ಎನ್ನುತ್ತಾರೆ, ಮೈಸೂರು ಸಿಲ್ಕ್ ಎನ್ನುತ್ತಾರೆ. ಕೊಳ್ಳೇಗಾಲದ ನೇಕಾರನ ಕೈಯಿಂದ ಸೀರೆ ವ್ಯಾಪಾರಿಯ ಕೈಗೆ ಹೋಗುತ್ತದೆ, ಅಲ್ಲಿಂದ ಮಳಿಗೆಗೆ. ಮಳಿಗೆಯ ಗಾಜಿನ ಕಪಾಟು ಸೇರಿದ ಮೇಲೆ ಅದಕ್ಕೆ ಮಳಿಗೆಯ ಹೆಸರೇ ಹೆಸರು. ನೇಯ್ದವರು ಯಾರು, ಯಾವ ಬೀದಿಯ ಯಾವ ಮನೆಯವರು ಎಂಬ ಗುರುತು ಅಳಿಸಿಹೋಗುತ್ತದೆ. ನನ್ನ ಪ್ರಕಾರ ಸಣ್ಣವರಿಗೆ ಆಗುತ್ತಿರುವ ಅತಿ ದೊಡ್ಡ ನಷ್ಟ ಇದು. ಕೂಲಿ ಕಡಿಮೆಯಾಗುವುದು, ಬೆಲೆಗೆ ಚೌಕಾಶಿ ನಡೆಯುವುದು, ಮಗ ಮಗ್ಗ ಬಿಟ್ಟು ಬೆಂಗಳೂರಿಗೆ ಹೋಗುವುದು ಇವೆಲ್ಲ ಅದರ ಹಿಂದೆಯೇ ಬರುತ್ತವೆ.

ಹೆಸರಿನ ಮಾತಿಗೆ ಮತ್ತೆ ಬರುತ್ತೇನೆ. ಅದಕ್ಕೆ ಮುಂಚೆ ಸಣ್ಣ ಮಗ್ಗದಲ್ಲಿ ಏನಿದೆ, ದೊಡ್ಡ ಕಾರ್ಖಾನೆಯಲ್ಲಿ ಏನಿಲ್ಲ ಎಂಬುದನ್ನು ಮಗ್ಗದ ಹತ್ತಿರವೇ ಕುಳಿತು ನೋಡೋಣ. ಸೀರೆಯ ಉದ್ದಕ್ಕೆ ಓಡುವ ಎಳೆ ಹಾಸು, ಅಡ್ಡಕ್ಕೆ ಬರುವ ಎಳೆ ಹೊಕ್ಕು. ಒಂದು ಸಲ ಹಾಸು ಹೂಡಿದರೆ ಅದರಲ್ಲಿ ಮೂರೋ ನಾಲ್ಕೋ ಸೀರೆ ಇಳಿಯುತ್ತವೆ. ಅಂಚು ಹಾಸಿನಲ್ಲೇ ಇರುವುದರಿಂದ ಆ ಮೂರ್ನಾಲ್ಕು ಸೀರೆಗೂ ಒಂದೇ ಅಂಚು. ಹೊಕ್ಕು ಹಾಗಲ್ಲ. ಲಾಳಿಯೊಳಗಿನ, ನೂಲು ಸುತ್ತಿದ ಕಂಡಿಕೆ ಬದಲಿಸಿದರೆ ಬಣ್ಣ ಬದಲಾಯಿತು. ಕೆಂಪು ಹಾಸಿನ ಮೇಲೆ ಹಸಿರು ಹೊಕ್ಕು ಹಾಕಿದರೆ ಬೆಳಕು ಬಿದ್ದ ಕಡೆಯೊಂದು ಬಣ್ಣ, ಮಡಿಕೆಯ ನೆರಳಲ್ಲೊಂದು ಬಣ್ಣ. ಅದೇ ಹಾಸಿನ ಮೇಲೆ ಮುಂದಿನ ಸೀರೆಗೆ ನೀಲಿ ಹೊಕ್ಕು ಹಾಕಿದರೆ ಅದು ಬೇರೆಯದೇ ಸೀರೆ. ಅಂದರೆ ಮನೆಯ ಮಗ್ಗಕ್ಕೆ ಒಂದೇ ಒಂದು ಸೀರೆಯ ಬೇಡಿಕೆಯೂ ಬೇಡಿಕೆಯೇ. ನೂರಾರು ಮೀಟರ್ ಒಂದೇ ನಮೂನೆ ಬಂದರೆ ಮಾತ್ರ ಲಾಭ ಎನ್ನುವ ಕಾರ್ಖಾನೆ ಇಷ್ಟಕ್ಕೆ ಯಂತ್ರ ನಿಲ್ಲಿಸುವುದಿಲ್ಲ.

ಮಗ್ಗದ ಮನೆಯೊಂದರಲ್ಲಿ ನಾನು ಕೇಳಿದ ಮಾತು ಇದು. ಮದುವೆಯ ಸೀರೆಗೆಂದು ಮೈಸೂರಿನಿಂದ ಬಂದಿದ್ದ ತಾಯಿಯೊಬ್ಬರು, ಮಗ್ಗದ ಮೇಲಿದ್ದ ಸೀರೆ ನೋಡಿ ಹೇಳಿದರು: ‘ಅಣ್ಣ, ಬಣ್ಣ ಇದೇ ಇರಲಿ. ಅಂಚು ಮಾತ್ರ ಇಷ್ಟು ಅಗಲ ಬೇಡ. ನಮ್ಮ ಹುಡುಗಿ ಸ್ವಲ್ಪ ಕುಳ್ಳಿ, ದೊಡ್ಡಂಚು ಒಪ್ಪಲ್ಲ.’

ನೇಕಾರರು ಲಾಳಿ ನಿಲ್ಲಿಸಿ ತಲೆ ಎತ್ತಿದರು. ‘ಈ ಹಾಸು ಮುಗಿಯಾಕ ಇನ್ನೊಂದು ಸೀರೆ ಅದ ಕನಕ್ಕ. ಮುಂದ್ಕ ಹೂಡೋ ಹಾಸ್ಗ ಅಂಚ ಸಣ್ಣುಕ್ ಮಾಡ್ಕೊಡ್ತೀನಿ. ಸೆರಗ್ಗ ಯಾವ ಬಣ್ಣ ಬೇಕು ಅಂತ ಈಗ್ಲೇ ಹೇಳ್ಬುಡಿ, ನೂಲ್ಗ ಬಣ್ಣ ಹಾಕುಸ್ಬೇಕು.’

ಮಳಿಗೆಯಲ್ಲಿ ಐನೂರು ಸೀರೆ ಹರವಿ ತೋರಿಸಬಹುದು. ಹುಡುಗಿಯ ಎತ್ತರ ಕೇಳಿ ಅಂಚು ಕೂರಿಸುವ ಮಾತು ಅಲ್ಲಿ ನಡೆಯುವುದಿಲ್ಲ. ಈ ಮಾತುಕತೆಯೇ ಕೊಳ್ಳೇಗಾಲದ ನೇಕಾರನ ಬಂಡವಾಳ ಎಂದು ನಾನು ಪೂರ್ತಿ ನಂಬಿದ್ದೇನೆ. ಅದನ್ನು ಆತ ಈಗ ಆಗೊಮ್ಮೆ ಈಗೊಮ್ಮೆ, ಬಾಗಿಲಿಗೆ ಬಂದವರಿಗೆ ಮಾಡಿಕೊಡುತ್ತಾನೆ. ಅದನ್ನೇ ತನ್ನ ಮುಖ್ಯ ವ್ಯಾಪಾರ ಮಾಡಿಕೊಳ್ಳಬೇಕು. ಹೂಡಬೇಕಾದ ಹಾಸನ್ನು ಗಿರಾಕಿಯೊಂದಿಗೆ ಮಾತಾಡಿ ಹೂಡುವುದು, ಮುಂಗಡ ಪಡೆಯುವುದು, ಎಷ್ಟು ದಿನಕ್ಕೆ ಕೊಡುತ್ತೇನೆಂದು ಹೇಳಿದನೋ ಅಷ್ಟು ದಿನಕ್ಕೆ ಕೊಡುವುದು. ಕೊನೆಯದು ಎಲ್ಲಕ್ಕಿಂತ ಮುಖ್ಯ. ಮುಹೂರ್ತದ ದಿನ ಕಾಯುವುದಿಲ್ಲ. ಒಂದು ಮನೆಯ ಮದುವೆಗೆ ಸೀರೆ ತಡವಾದರೆ ಆ ಬಳಗದ ಹತ್ತು ಮನೆಯವರು ಮತ್ತೆ ಕೊಳ್ಳೇಗಾಲದ ಬಸ್ಸು ಹತ್ತುವುದಿಲ್ಲ.

ಈಗ ವಿನ್ಯಾಸ. ಯಾವ ಮಳಿಗೆಗೆ ಹೋದರೂ ಅದೇ ಮಾವಿನಕಾಯಿ, ಅದೇ ನವಿಲು, ಅದೇ ಆನೆಸಾಲು. ವಿದ್ಯುತ್ ಮಗ್ಗದವರು ಒಂದು ಸೀರೆ ಕೈಗೆ ಸಿಕ್ಕರೆ ವಾರದೊಳಗೆ ಅದರ ನಕಲು ಮಾಡಿ ಅರ್ಧ ಬೆಲೆಗೆ ಸುರಿಯುತ್ತಾರೆ. ಎಲ್ಲರಿಗೂ ಸಿಗುವ ನಮೂನೆಯನ್ನೇ ನೇಯುತ್ತ ಕುಳಿತರೆ ಸೋಲು ಖಂಡಿತ. ಯಳಂದೂರಿನಲ್ಲಿ ಗೌರೀಶ್ವರ ದೇವಸ್ಥಾನದ ಬಳೇಮಂಟಪ ಇದೆ. ಕಲ್ಲಿನಲ್ಲೇ ಬಳೆಬಳೆಯಾಗಿ ಕಡೆದ ಸರಪಣಿ, ಕಂಬ, ಗೋಡೆಯ ತುಂಬ ಕೆತ್ತನೆ. ಆ ಬಳೆಯ ಸಾಲನ್ನು ಅಂಚಿಗೆ ಇಳಿಸಿದರೆ ಅದು ಯಳಂದೂರಿನ ಅಂಚು. ಮಾದಪ್ಪನ ಅಂದರೆ ಮಲೆ ಮಹದೇಶ್ವರನ ಹುಲಿವಾಹನ, ಕಂಸಾಳೆಯ ತಾಳ, ಬಿಳಿಗಿರಿ ಕಾಡಿನ ಸಂಪಿಗೆ ಇವನ್ನೆಲ್ಲ ಸೆರಗಿಗೆ ತರಬಹುದು. ಮಗ್ಗದಲ್ಲಿ ನಮೂನೆ ಮೂಡಿಸುವ ಜಾಕಾರ್ಡಿನ ರಟ್ಟು ಹೊಸದಾಗಿ ಕೊರೆಸಲು ಖರ್ಚಿದೆ, ಒಬ್ಬ ನೇಕಾರನಿಗೆ ಅದು ಭಾರ. ಐದಾರು ಮಗ್ಗದವರು ಸೇರಿ ಕೊರೆಸಿ, ಹಂಚಿಕೊಂಡು ನೇಯುವುದಕ್ಕೆ ಅಡ್ಡಿಯೇನಿಲ್ಲ. ಬೇರೆಯವರು ಇದನ್ನೂ ನಕಲು ಮಾಡಿಯಾರು, ನಿಜ. ಆದರೆ ಬಳೇಮಂಟಪದ ಅಂಚು ಸೂರತ್ತಿನಿಂದ ಬಂತೆಂದರೆ ಕೊಳ್ಳುವವರಿಗೇ ಅನುಮಾನ ಬರುತ್ತದೆ.

ಲೆಕ್ಕದ ವಿಷಯ ಕಹಿ, ಆದರೂ ಹೇಳಬೇಕು. ಕಚ್ಚಾ ರೇಷ್ಮೆಯನ್ನು ಸಾಬೂನು ನೀರಲ್ಲಿ ಕುದಿಸಿ ಅಂಟು ತೆಗೆದರೆ ತೂಕದಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಹೋಗುತ್ತದೆ. ಕಿಲೋ ಲೆಕ್ಕದಲ್ಲಿ ಕೊಂಡ ನೂಲು ಕಿಲೋ ಆಗಿ ಮಗ್ಗಕ್ಕೆ ಬರುವುದಿಲ್ಲ. ಇದು ಎಲ್ಲ ನೇಕಾರರಿಗೂ ಗೊತ್ತು, ಲೆಕ್ಕಕ್ಕೆ ಹಿಡಿಯುತ್ತಾರೆ. ಲೆಕ್ಕಕ್ಕೆ ಹಿಡಿಯದಿರುವುದು ಮನೆಯ ಹೆಂಗಸರ ದುಡಿಮೆಯನ್ನು. ಕಂಡಿಕೆ ಸುತ್ತುವುದು, ಕಡಿದ ಎಳೆ ಹುಡುಕಿ ಗಂಟು ಹಾಕುವುದು, ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯ ಎಳೆಗೆ ಒಂದೊಂದಾಗಿ ಹೊಸೆದು ಸೇರಿಸುವುದು, ಎಷ್ಟೋ ಮನೆಗಳಲ್ಲಿ ನೇಯುವುದು ಕೂಡ ಹೆಂಗಸರ ಪಾಲಿಗಿದೆ. 2019-20ರ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ದೇಶದ ಕೈಮಗ್ಗ ಕೆಲಸಗಾರರು 35 ಲಕ್ಷಕ್ಕೂ ಹೆಚ್ಚು; ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿ ಹೆಂಗಸರು. ಅದೇ ಗಣತಿಯ ಪ್ರಕಾರ ಮೂರರಲ್ಲಿ ಎರಡು ಪಾಲು ನೇಕಾರ ಕುಟುಂಬಗಳ ತಿಂಗಳ ವರಮಾನ 5,000 ರೂಪಾಯಿ ಮುಟ್ಟುವುದಿಲ್ಲ. ಹೆಂಡತಿಯ, ತಾಯಿಯ, ಮಗಳ ಕೆಲಸಕ್ಕೆ ಸೊನ್ನೆ ಬರೆದು ಸೀರೆಗೆ ಬೆಲೆ ಕಟ್ಟಿದರೆ ವರಮಾನ ಇನ್ನೆಲ್ಲಿಂದ ಬರಬೇಕು? ದೊಡ್ಡವರ ಬೆಲೆಗೆ ಸಮ ನಿಲ್ಲಬೇಕೆಂದು ಮನೆಯವರ ಕೂಲಿ ನುಂಗುವುದು ವ್ಯಾಪಾರವಲ್ಲ, ಮನೆಯೊಳಗಿನ ಅನ್ಯಾಯ. ಬೆಲೆಯ ಪಂದ್ಯದಲ್ಲಿ ಸಣ್ಣವರು ಯಾವತ್ತೂ ಗೆಲ್ಲುವುದಿಲ್ಲ. ಆ ಪಂದ್ಯಕ್ಕೆ ಇಳಿಯಬಾರದು.

ಇನ್ನು ಹೆಸರಿನ ಮಾತು. ದೊಡ್ಡವರನ್ನು ದೂರುವ ಮುಂಚೆ ಅವರಿಂದ ಕಲಿಯುವುದೂ ಇದೆ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಶುರುವಾದದ್ದು. ಈಗ ಅದನ್ನು ನಡೆಸುತ್ತಿರುವುದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ, ಅಂದರೆ ಕೆಎಸ್‌ಐಸಿ. ಅಲ್ಲಿನ ಮಗ್ಗಗಳು ವಿದ್ಯುತ್ತಿನಿಂದ ಓಡುತ್ತವೆ. ಆದರೂ ಆ ಸೀರೆಗೆ ಜನ ಅಂಗಡಿಯ ಮುಂದೆ ಬೆಳಗಿನ ಜಾವದಿಂದ ಸಾಲು ನಿಲ್ಲುವ ಸುದ್ದಿ ಪತ್ರಿಕೆಗಳಲ್ಲಿ ಓದಿದ್ದೀರಿ. ಕಾರಣ ನಂಬಿಕೆ. ಪ್ರತಿ ಸೀರೆಗೂ ಅದರದೇ ಒಂದು ಸಂಖ್ಯೆ ಇರುತ್ತದೆ. ಜರಿಯಲ್ಲಿ ಬೆಳ್ಳಿ ಬಂಗಾರ ಎಷ್ಟೆಂದು ಸಂಸ್ಥೆ ಬಾಯಿಬಿಟ್ಟು ಹೇಳುತ್ತದೆ. ಮೈಸೂರು ರೇಷ್ಮೆ ಎಂಬ ಹೆಸರಿನ ಭೌಗೋಳಿಕ ಸೂಚಕ ಅಂದರೆ ಜಿಐ ಮಾನ್ಯತೆಯೂ ಆ ನಿಗಮದ್ದೇ. ಹಾಗಾಗಿ ಕೊಳ್ಳೇಗಾಲದ ಸೀರೆಯನ್ನು ಮೈಸೂರು ಸಿಲ್ಕ್ ಎಂದು ಮಾರಿದರೆ ಅದು ಸುಳ್ಳು, ಜೊತೆಗೆ ತನ್ನ ಊರಿಗೆ ತಾನೇ ಮಾಡಿಕೊಳ್ಳುವ ದ್ರೋಹ. ದೊಡ್ಡವರು ಸೀರೆಗೆ ಒಂದು ಸಂಖ್ಯೆ ಕೊಡಬಲ್ಲರು. ನಮ್ಮ ನೇಕಾರ ತನ್ನ ಹೆಸರನ್ನೇ ಕೊಡಬಲ್ಲ.

ಹಾಗೆ ಹೆಸರು ಕೊಟ್ಟು ಎದ್ದು ನಿಂತವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಮಂಗಳೂರಿನ ಹತ್ತಿರ ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸಹಕಾರ ಸಂಘವಿದೆ. ಉಡುಪಿ ಸೀರೆ, ಅಂದರೆ ಹತ್ತಿಯ ಸಾದಾ ಸೀರೆ, ಅವರ ಕಸುಬು. ಆ ಸೀರೆಗೆ ಜಿಐ ಮಾನ್ಯತೆ ಸಿಕ್ಕಿದ್ದು 2016ರಲ್ಲಿ. ಮಾನ್ಯತೆ ಸಿಕ್ಕಿದ ಮೇಲೂ 2018ರ ಹೊತ್ತಿಗೆ ಸಂಘದಲ್ಲಿ ಉಳಿದಿದ್ದವರು ಬೆರಳೆಣಿಕೆಯ ನೇಕಾರರು, ಅವರೂ ವಯಸ್ಸಾದವರು. ಆಗ ಕದಿಕೆ ಟ್ರಸ್ಟ್ ಕೈಜೋಡಿಸಿತು. ಸೀರೆಯ ಜೊತೆ ನೇಯ್ದವರ ಹೆಸರು, ಭಾವಚಿತ್ರವಿರುವ ಚೀಟಿ ಹೋಗತೊಡಗಿತು. ಅಡಿಕೆ, ಮಂಜಿಷ್ಠದಂಥ ಸಸ್ಯಗಳಿಂದ ತೆಗೆದ ಬಣ್ಣಗಳು ಬಂದವು. ಕೊಳ್ಳುವವರು ನೇಕಾರರನ್ನು ಹೆಸರು ಹಿಡಿದು ಕೇಳುವಂತಾಯಿತು. ಬಿಟ್ಟುಹೋಗಿದ್ದವರು ಮಗ್ಗಕ್ಕೆ ಮರಳಿದರು, ಹೊಸಬರೂ ಕಲಿಯಲು ಬಂದರು. ಜಿಐ ಕಾಗದವೊಂದೇ ಈ ಕೆಲಸ ಮಾಡಲಿಲ್ಲ ಎಂಬುದನ್ನು ಗಮನಿಸಿ. ಜಿಐ ಊರಿಗೆ ಸಿಗುವ ಮಾನ್ಯತೆ. ಅದರ ಪ್ರಯೋಜನ ಪಡೆಯಲು ಒಬ್ಬೊಬ್ಬ ನೇಕಾರನೂ ಅಧಿಕೃತ ಬಳಕೆದಾರನೆಂದು ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಎಷ್ಟೋ ಊರುಗಳಲ್ಲಿ ಆ ಎರಡನೆಯ ಹೆಜ್ಜೆಯನ್ನೇ ಮರೆತಿದ್ದಾರೆ.

ಹೆಸರು ಹಾಕಿದ ಮೇಲೆ ಕೆಟ್ಟ ಮಾಲು ಕೊಡುವಂತಿಲ್ಲ. ಅಪ್ಪಟ ರೇಷ್ಮೆಯೆಂದು ಹೇಳಿ ಹೊಕ್ಕಿಗೆ ಕೃತಕ ನೂಲು ತೂರಿಸುವವರು ಎಲ್ಲೆಡೆಯೂ ಇದ್ದಾರೆ, ಇದರಿಂದ ಪ್ರಾಮಾಣಿಕರ ಹೊಟ್ಟೆಗೂ ಹೊಡೆತ. ಕೇಂದ್ರ ರೇಷ್ಮೆ ಮಂಡಳಿ 2004ರಿಂದ ಸಿಲ್ಕ್ ಮಾರ್ಕ್ ಚೀಟಿ ಕೊಡಿಸುತ್ತಿದೆ. ಕೈಮಗ್ಗದ್ದೇ ಎಂದು ಸಾರುವ ಹ್ಯಾಂಡ್‌ಲೂಮ್ ಮಾರ್ಕ್ 2006ರಲ್ಲಿ ಬಂತು. ನೇಕಾರರೇ, ಎರಡನ್ನೂ ಹಾಕಿಸಿ, ಅವುಗಳ ಪಕ್ಕದಲ್ಲಿ ನಿಮ್ಮ ಹೆಸರು, ಬೀದಿ, ಫೋನ್ ನಂಬರು ಬರೆಯಿರಿ. ಸೀರೆ ಮಗ್ಗದ ಮೇಲಿರುವಾಗಲೇ ಅರ್ಧ ನಿಮಿಷದ ವಿಡಿಯೋ ತೆಗೆದು ಕೊಳ್ಳುವವರಿಗೆ ವಾಟ್ಸಾಪ್‌ನಲ್ಲಿ ಕಳಿಸಿ. ದೊಡ್ಡ ಜಾಹೀರಾತಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಅದರಲ್ಲಿರುವುದು ಅವರದೇ ಸೀರೆ. ಐದು ವರ್ಷದ ಮೇಲೆ ಎಳೆ ಕಿತ್ತರೆ, ಕುಚ್ಚು ಹೋದರೆ ತಂದುಕೊಡಿ, ಸರಿಮಾಡಿಕೊಡುತ್ತೇನೆ ಎನ್ನಿ. ಹಾಗೆ ಹೇಳುವ ಮಳಿಗೆ ನನಗಂತೂ ಸಿಕ್ಕಿಲ್ಲ. ಕಾನೂನೂ ಇದೆ. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆಯಲ್ಲಿ ಸೀರೆಯೂ ಸೇರಿದೆ. ಆದರೆ ಅದು ಸರಿಯಾಗಿ ಜಾರಿಯಾಗುವ ದಿನಕ್ಕಾಗಿ ಮಗ್ಗ ನಿಲ್ಲಿಸಿಕೊಂಡು ಕೂರಲಾಗದು.

ಈಗ ಹನೂರು ತಾಲ್ಲೂಕಿಗೆ ಹೋಗೋಣ. ಲಂಟಾನವನ್ನು ಎರಡು ಶತಮಾನದ ಹಿಂದೆ ಅಮೆರಿಕ ಖಂಡದಿಂದ ಹೂವಿನ ಚೆಂದಕ್ಕೆಂದು ನಮ್ಮ ದೇಶಕ್ಕೆ ತಂದರು. ಇವತ್ತು ಅದು ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿ ಬೆಟ್ಟದ ಕಾಡಿನ ತಳವನ್ನೆಲ್ಲ ಆವರಿಸಿದೆ. ಹುಲ್ಲು ಬೆಳೆಯಲು ಬಿಡುವುದಿಲ್ಲ, ಸಸಿ ಏಳಲು ಬಿಡುವುದಿಲ್ಲ. ಹಿಂದೆ ಬೇಸಿಗೆಯ ಮೊದಲಲ್ಲಿ ತರಗು ಬೆಂಕಿ ಹಾಕುತ್ತಿದ್ದೆವು, ಅದು ನಿಂತ ಮೇಲೆ ಲಂಟಾನ ಹೆಚ್ಚಿತು ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಬಿದಿರು ಸಿಗುವುದು ಕಷ್ಟವಾದಾಗ, 2004ರ ಸುಮಾರಿಗೆ, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು ಮಲೆ ಮಹದೇಶ್ವರ ಬೆಟ್ಟದ ಕುಶಲಕರ್ಮಿಗಳ ಜೊತೆ ಸೇರಿ ಈ ಕಡ್ಡಿಯಲ್ಲಿ ಪೀಠೋಪಕರಣ ಮಾಡುವ ಕೆಲಸ ಆರಂಭಿಸಿದರು. ಕಡ್ಡಿ ಕಡಿದು ಡ್ರಮ್ಮಿನಲ್ಲಿ ಬೇಯಿಸುತ್ತಾರೆ. ಬಿಸಿಯಿರುವಾಗಲೇ ಸಿಪ್ಪೆ ಸುಲಿದು, ಮೆತ್ತಗಿರುವಾಗಲೇ ಬೇಕಾದ ಆಕಾರಕ್ಕೆ ಬಗ್ಗಿಸುತ್ತಾರೆ. ಒಣಗಿದ ಮೇಲೆ ಬೆತ್ತದಂತೆಯೇ ಕಾಣುತ್ತದೆ, ಗೆದ್ದಲು ಹತ್ತುವುದಿಲ್ಲ. ಕಚ್ಚಾ ಸಾಮಗ್ರಿಗೆ ಬೆಲೆಯಿಲ್ಲ, ಕಡಿದಷ್ಟೂ ಕಾಡಿಗೆ ಒಳ್ಳೆಯದು. ಇಂಥ ಕಸುಬು ಬೇರೆಲ್ಲಿದೆ ಹೇಳಿ.

ಆದರೂ ಲಂಟಾನದ ಕುರ್ಚಿ ಪ್ಲಾಸ್ಟಿಕ್ ಕುರ್ಚಿಯ ಎದುರು ನಿಲ್ಲಬೇಕಾಗಿ ಬಂತು. ಒಂದರ ಮೇಲೊಂದು ಹತ್ತು ಪೇರಿಸಿ ಲಾರಿಗೆ ತುಂಬಬಹುದಾದ ಕುರ್ಚಿ ಅದು. ನಮ್ಮ ಕುರ್ಚಿ ಬೆಟ್ಟ ಇಳಿದು ಬೆಂಗಳೂರು ಸೇರುವಷ್ಟರಲ್ಲಿ ಸಾಗಣೆಯೇ ಅದರ ಲಾಭ ತಿಂದಿರುತ್ತದೆ. ಇದೇ ಗಿಡದಿಂದ ಪಕ್ಕದ ನೀಲಗಿರಿಯ ಗೂಡಲೂರಿನಲ್ಲಿ ಏನು ಮಾಡಿದರು ನೋಡಿ. ಬೆಟ್ಟಕುರುಂಬ, ಪಣಿಯ, ಕಾಟುನಾಯಕ, ಸೋಲಿಗ ಸಮುದಾಯಗಳ ಕೈಗಳು ಸೇರಿ ನಿಜದಾನೆಯ ಅಳತೆಯ ಲಂಟಾನದ ಆನೆಗಳನ್ನು ಕಟ್ಟಿದವು. ಒಂದೊಂದೂ ಅಲ್ಲಿ ಓಡಾಡುವ ಒಂದೊಂದು ನಿಜವಾದ ಆನೆಯ ಪ್ರತಿರೂಪ. ದಿ ರಿಯಲ್ ಎಲಿಫೆಂಟ್ ಕಲೆಕ್ಟಿವ್ ಎಂಬ ಹೆಸರಿನ ಆ ಗುಂಪಿನ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. 2024ರಲ್ಲಿ ನೂರು ಆನೆಗಳ ಹಿಂಡು ಅಮೆರಿಕದ ಊರೂರು ಸುತ್ತಲು ಹೊರಟಿತು. ಕುರ್ಚಿಗೆ ಸಾವಿರ ಪೈಪೋಟಿಗಾರರಿದ್ದಾರೆ. ಆನೆಯ ಜೊತೆ ಬದುಕಿದವರು ಕಟ್ಟಿದ ಆನೆಗೆ ಒಬ್ಬನೂ ಇಲ್ಲ. ಸಣ್ಣವರು ಯಾವ ವಸ್ತು ಮಾಡಬೇಕೆಂದು ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದರಲ್ಲೇ ಇದೆ.

ಎಲ್ಲರೂ ಆನೆ ಕಟ್ಟಿ ಲಂಡನ್ನಿಗೆ ಕಳಿಸಿ ಎಂದು ನಾನು ಹೇಳುತ್ತಿಲ್ಲ. ಮಾದಪ್ಪನ ಬೆಟ್ಟಕ್ಕೆ ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿಗೆ ಬರುವ ಜನಸಾಗರವೇ ಸಾಕು. ಬಸ್ಸಿನಲ್ಲಿ ಬಂದವರು ಕುರ್ಚಿ ಹೊತ್ತುಕೊಂಡು ಹೋಗಲಾರರು. ಲಾಡು, ವಿಭೂತಿ ಇಡುವಷ್ಟು ಚಿಕ್ಕ ಬುಟ್ಟಿ, ಮಗುವಿನ ಕೈಗೆ ಒಂದು ಹುಲಿ, ದೇವರ ಮನೆಗೆ ಒಂದು ಹೂಬುಟ್ಟಿ ಒಯ್ಯಬಲ್ಲರು. ಎಲ್ಲಿಂದಲೋ ಬಂದ ಪ್ಲಾಸ್ಟಿಕ್ ಆಟಿಕೆ ಬೆಟ್ಟದ ಅಂಗಡಿಗಳಲ್ಲಿ ತೂಗಾಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ಜಾಗ ಬೆಟ್ಟದವರದಾಗಬೇಕು. ದೇವಸ್ಥಾನದ ಆಡಳಿತದವರು ಮನಸ್ಸು ಮಾಡಿ ಸಾಲಿನಲ್ಲಿ ನಾಲ್ಕು ಮಳಿಗೆ ಕುಶಲಕರ್ಮಿಗಳಿಗೆಂದೇ ತೆಗೆದಿಟ್ಟರೆ ಅದಕ್ಕಿಂತ ಪುಣ್ಯದ ಕೆಲಸವಿಲ್ಲ.

ಬಿಳಿಗಿರಿರಂಗನ ಬೆಟ್ಟದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿನ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ದೇಶದಲ್ಲೇ ಮೊದಲು. ಹೆಜ್ಜೇನು ಇಳಿಸುವಾಗ ಹುಳುಗಳಿಗೆಂದು ಒಂದು ಪಾಲು ಬಿಟ್ಟು ಬರುವ ಪದ್ಧತಿ ಅವರದು. ಹೂ ಬದಲಾದಂತೆ ಜೇನಿನ ಬಣ್ಣ, ರುಚಿ ಬದಲಾಗುತ್ತದೆ. ನೇರಳೆ ಹೂವಿನ ಕಾಲದ ಜೇನಿನಲ್ಲಿ ತುಸು ಒಗರು, ಕಹಿ. ದೊಡ್ಡ ಕಂಪನಿಗೆ ಇದು ದೋಷ, ಅವರಿಗೆ ವರ್ಷವಿಡೀ ಒಂದೇ ರುಚಿ ಬೇಕು. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡುಗಳ ಜೇನು ಪರೀಕ್ಷಿಸಿ, ಕಲಬೆರಕೆ ಪತ್ತೆ ಹಚ್ಚುವ ಎನ್‌ಎಂಆರ್ ಪರೀಕ್ಷೆಯಲ್ಲಿ 10 ಬ್ರ್ಯಾಂಡುಗಳು ತೇರ್ಗಡೆಯಾಗಲಿಲ್ಲವೆಂದು ಹೇಳಿತು. ಕಂಪನಿಗಳು ಅದನ್ನು ಒಪ್ಪಲಿಲ್ಲ. ಅದೇನೇ ಇರಲಿ, ಯಾವ ತಿಂಗಳು, ಯಾವ ಹೂವಿನ ಕಾಲ, ಯಾವ ಪೋಡು ಎಂದು ಬಾಟಲಿಯ ಮೇಲೆ ಬರೆಯಲು ನಮ್ಮ ಸೋಲಿಗರಿಗೆ ಸಾಧ್ಯ, ಆ ಕಂಪನಿಗಳಿಗೆ ಸಾಧ್ಯವಿಲ್ಲ. ಕಾಫಿಯಲ್ಲಿ ಈ ದಾರಿ ಆಗಲೇ ತೆರೆದಿದೆ. ಬ್ಲ್ಯಾಕ್ ಬಾಜಾ ಎಂಬ, ಹಕ್ಕಿಯೊಂದರ ಹೆಸರಿಟ್ಟುಕೊಂಡ ಸಣ್ಣ ಕಂಪನಿ ನೆರಳಿನ ಮರಗಳನ್ನು ಉಳಿಸಿಕೊಂಡ ಸೋಲಿಗ ಬೆಳೆಗಾರರಿಂದ ಕಾಫಿ ಕೊಂಡು, ಊರು ಕಾಡಿನ ಕಥೆ ಸಹಿತ ಮಾರುತ್ತದೆ.

ಬೇರೆಯಾಗಿ ಕಂಡರೆ ಸಾಕು, ಕಷ್ಟವೆಲ್ಲ ತೀರಿತು ಎಂದು ನಾನು ನಂಬಿಸಲಾರೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ, ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1996ರಲ್ಲಿ ಶುರುವಾದ ಚರಕ ಮಹಿಳಾ ಸಹಕಾರ ಸಂಘವನ್ನು ನೀವೆಲ್ಲ ಬಲ್ಲಿರಿ. ಅಡಿಕೆ ಚೊಗರಿನ ಬಣ್ಣ ನೋಡಿದರೇ ಇದು ಚರಕದ ಬಟ್ಟೆ ಎಂದು ಹೇಳಬಹುದಿತ್ತು. ‘ದೇಸಿ’ ಎಂಬ ಹೆಸರಿನ ಅಂಗಡಿಗಳಿದ್ದವು, ನಂಬಿದ ಗಿರಾಕಿಗಳಿದ್ದರು. ಅಂಥ ಸಂಸ್ಥೆಯೂ 2020ರಲ್ಲಿ, ಕೊರೋನಾ ಕಾಲಕ್ಕೆ ಮಾಲು ಮಾರದೆ ಉಳಿದು, ಸರ್ಕಾರದಿಂದ ಬರಬೇಕಾದ ಹಣ ಬಾರದೆ, ತಾನು ದಿವಾಳಿಯಾಗಿದ್ದೇನೆಂದು ಬಹಿರಂಗವಾಗಿ ಸಾರಬೇಕಾಯಿತು. ಸಣ್ಣವರ ಕೈಯಲ್ಲಿ ಉಳಿಕೆ ಹಣ ಇರುವುದಿಲ್ಲ. ಬರಬೇಕಾದ ದುಡ್ಡು ಎರಡು ತಿಂಗಳು ತಡವಾದರೆ ಮುಂದಿನ ನೂಲಿಗೆ ದುಡ್ಡಿಲ್ಲ. ಅದಕ್ಕೇ ಮುಂಗಡದ ಮಾತನ್ನು ನಾನು ಒತ್ತಿ ಹೇಳಿದ್ದು. ಗಿರಾಕಿ ಕೊಡುವ ಮುಂಗಡ, ಸಾಹುಕಾರನ ಬಡ್ಡಿಗಿಂತ ಸಾವಿರ ಪಾಲು ಮೇಲು.

ಕೇಳುಗರೇ, ಇನ್ನು ನಿಮ್ಮ ಪಾಲಿನದು. ಮನೆಯಲ್ಲಿ ಮದುವೆ ನಿಶ್ಚಯವಾದರೆ ಎರಡು ತಿಂಗಳು ಮುಂಚೆಯೇ ಒಂದು ದಿನ ಕೊಳ್ಳೇಗಾಲಕ್ಕೆ ಹೋಗಿ. ಮಗ್ಗದ ಸದ್ದು ಕೇಳಿದ ಮನೆಯ ಬಾಗಿಲು ತಟ್ಟಿ. ಬಣ್ಣ ಹೇಳಿ, ಅಂಚು ಹೇಳಿ, ಅರ್ಧ ಹಣ ಮುಂಗಡ ಕೊಡಿ, ಕೂಲಿಯಲ್ಲಿ ಚೌಕಾಶಿ ಮಾಡಬೇಡಿ. ಸೀರೆ ಕೈಗೆ ಬಂದ ದಿನ ನೇಯ್ದವರ ಹೆಸರು, ಕಂಡಿಕೆ ಸುತ್ತಿದವರ ಹೆಸರು ಬರೆಸಿಕೊಳ್ಳಿ. ಮದುವೆಗೆ ಬಂದ ನೆಂಟರು ಸೀರೆ ಎಲ್ಲಿಯದು ಎಂದು ಕೇಳಿದಾಗ ಆ ಹೆಸರುಗಳನ್ನು ಹೇಳಿ.